ಸ್ನಾನಗೃಹದ ದುರಸ್ತಿ: ಮಿತವ್ಯಯವೋ ಕೃಪಣತೆಯೋ?

ಮಿತವ್ಯಯವು ಸದ್ಗುಣವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಕಡಿಮೆ ಖರ್ಚು ಮಾಡಿದವನೆಲ್ಲ ಮಿತವ್ಯಯಿಯೇ? ಉಳಿಸಿದ ಹಣದ ಭಾರ ಬೇರೊಬ್ಬರ ತಲೆಯ ಮೇಲೆ ಬಿದ್ದರೆ ಅದನ್ನು ಉಳಿತಾಯವೆನ್ನಬಹುದೇ? ಈ ಪ್ರಶ್ನೆಯನ್ನು ದೊಡ್ಡ ವ್ಯವಹಾರಗಳಲ್ಲಿ ಹುಡುಕಬೇಕಾಗಿಲ್ಲ. ಸಾಮಾನ್ಯ ಗೃಹಸ್ಥನೊಬ್ಬನು ತನ್ನ ಹಳೆಯ ಸ್ನಾನಗೃಹವನ್ನು ದುರಸ್ತಿ ಮಾಡಿಸಲು ಹೊರಟಾಗಲೇ ಅದು ಎದುರಾಗುತ್ತದೆ.

ಬೆಂಗಳೂರಿನಂತಹ ನಗರದ ಮೂವತ್ತು ವರ್ಷ ಹಳೆಯ ವಸತಿ ಸಮುಚ್ಚಯದ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಕಬ್ಬಿಣದ ಕೊಳವೆಗಳು ತುಕ್ಕು ಹಿಡಿದಿವೆ. ನೆಲದ ಸಂದುಗಳು ಬಿಟ್ಟಿವೆ. ಕೆಳಮನೆಯ ಛಾವಣಿಯಲ್ಲಿ ತೇವದ ಕಲೆ ಮೂಡಿದೆ. ಮನೆಯಲ್ಲಿ ವೃದ್ಧರಿದ್ದಾರೆ. ಕೈಯಲ್ಲಿರುವ ಹಣವು ಬೇಕಾದುದರ ಅರ್ಧಕ್ಕೂ ಸಾಲದು. ಹೀಗಿರುವಲ್ಲಿ ಯಾವುದನ್ನು ಮಾಡಿಸಬೇಕು, ಯಾವುದನ್ನು ಬಿಡಬೇಕು?

ಲೋಕರೂಢಿಯಲ್ಲಿ ಮೊದಲು ಬಿಡುವುದು ಕಣ್ಣಿಗೆ ಕಾಣದ್ದನ್ನು. ನೆಲದಡಿಯ ಜಲನಿರೋಧಕ ಲೇಪನ, ಅದು ಒಣಗಿದ ಮೇಲೆ ಕನಿಷ್ಠ 24 ಗಂಟೆ ನೀರು ನಿಲ್ಲಿಸಿ ಮಾಡುವ ಪರೀಕ್ಷೆ, ನೀರು ಕಿಂಡಿಯತ್ತ ಹರಿಯುವಂತೆ ಕೊಡುವ ಇಳಿಜಾರು, ಚರಂಡಿಯ ದುರ್ವಾಯುವನ್ನು ತಡೆಯುವ ಟ್ರ್ಯಾಪ್, ಇವುಗಳನ್ನು ಯಾವ ಅತಿಥಿಯೂ ಹೊಗಳುವುದಿಲ್ಲ. ಆದುದರಿಂದ ಹಣವೆಲ್ಲವೂ ಹೊಳೆಯುವ ಟೈಲ್ಸ್‌ಗೆ ಹೋಗುತ್ತದೆ. ಕೆಲವು ತಿಂಗಳುಗಳಲ್ಲಿ ನೀರು ಮತ್ತೆ ಕೆಳಕ್ಕಿಳಿಯುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣವು ತುಕ್ಕು ಹಿಡಿದು ಉಬ್ಬುತ್ತದೆ. ಕೆಳಮನೆಯ ಛಾವಣಿ ಬಿರಿದು ಉದುರುತ್ತದೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲಿ ಉಳಿತಾಯವಾಗಿಲ್ಲ. ಮೇಲ್ಮನೆಯವನ ಹೊಣೆಯು ಅವನ ಪುಸ್ತಕದಿಂದ ಕೆಳಮನೆಯವನ ಪುಸ್ತಕಕ್ಕೆ, ಅವನ ಒಪ್ಪಿಗೆಯಿಲ್ಲದೆ, ವರ್ಗಾವಣೆಯಾಗಿದೆ.

ಎರಡನೆಯ ವರ್ಗಾವಣೆಯು ಕೆಲಸಗಾರನ ದೇಹಕ್ಕೆ ಆಗುವಂಥದು. ಟೈಲ್ಸನ್ನು ಒಣದಾಗಿ ಕತ್ತರಿಸಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಕಣಗಳಿರುತ್ತವೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವನಿಗೆ ಸಿಲಿಕೋಸಿಸ್ ಎಂಬ ಗುಣವಾಗದ ಶ್ವಾಸಕೋಶದ ವ್ಯಾಧಿ ತಗಲಬಹುದು. ನೀರು ಹಾಯಿಸುತ್ತ ಕತ್ತರಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಆದರೆ ಕೆಲಸ ನಿಧಾನವಾಗುತ್ತದೆ. ಗುತ್ತಿಗೆಯ ದರವನ್ನು ಕೊನೆಯ ರೂಪಾಯಿಯವರೆಗೆ ಹಿಂಡಿದ ಯಜಮಾನನು ಆ ನಿಧಾನಕ್ಕೆ ಅವಕಾಶವನ್ನೇ ಉಳಿಸಿರುವುದಿಲ್ಲ.

ಮೂರನೆಯದು ನೀರಿನ ಲೆಕ್ಕ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 86,400 ಹನಿಗಳು ಬೀಳುತ್ತವೆ. ಹನಿಗೆ ಕಾಲು ಮಿಲಿಲೀಟರ್ ಎಂದರೂ 21 ಲೀಟರಿಗೆ ಮಿಕ್ಕಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರಿನ ಅನೇಕ ಬಡಾವಣೆಗಳು ಟ್ಯಾಂಕರಿಗಾಗಿ ಕಾದು ನಿಂತುದನ್ನು ಕಂಡವರಿಗೆ ಇದು ಅಲ್ಪವೆನಿಸಲಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುವಾಗ, ನಿಷ್ಪ್ರಯೋಜನವಾಗಿ ನೀರನ್ನು ವ್ಯಯಿಸುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಕೆಲವೇ ರೂಪಾಯಿಗಳ ವಾಷರನ್ನು ಬದಲಿಸದಿರುವುದು ಬಡತನದಿಂದಲ್ಲ, ಪ್ರಮಾದದಿಂದ.

ಹಾಗಾದರೆ ಅಂದಕ್ಕೆ ಸ್ಥಾನವೇ ಇಲ್ಲವೇ ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದ ಆಕ್ಷೇಪ. ಮೂವತ್ತು ವರ್ಷ ಕರೆಗಟ್ಟಿದ ಗೋಡೆಯನ್ನು ಉಜ್ಜಿದ ಗೃಹಿಣಿಯು ಶುಭ್ರವಾದ ಗೋಡೆಯನ್ನು ಬಯಸಿದರೆ ಅದು ಆಡಂಬರವಲ್ಲ. ವಿಚಾರವಿರುವುದು ಕ್ರಮದಲ್ಲಿ. ಮೊದಲು ಪರರಿಗೆ ಹಾನಿಯಾಗದಂತೆ ಕೊಳವೆ ಮತ್ತು ಜಲನಿರೋಧ, ಅನಂತರ ವೃದ್ಧರಿಗಾಗಿ ಜಾರದ ಒರಟು ನೆಲ ಮತ್ತು ಗೋಡೆಗೆ ಭದ್ರವಾದ ಹಿಡಿಕಂಬಿ, ಉಳಿದುದರಲ್ಲಿ ಅಂದ. ಶೌಚದ ಪೀಠವನ್ನು ಇದ್ದ ಸ್ಥಳದಲ್ಲಿಯೇ ಇರಿಸಿದರೆ ಕೊಳವೆಯ ದೊಡ್ಡ ಖರ್ಚು ತಪ್ಪುತ್ತದೆ. ನೀರು ಸಿಡಿಯುವ ಎತ್ತರದವರೆಗೆ ಮಾತ್ರ ಸಾದಾ ಟೈಲ್ಸ್ ಹಾಕಿಸಿ ಮೇಲೆ ಬಣ್ಣ ಬಳಿಸಿದರೆ ಗೋಡೆಯೂ ಶುಭ್ರವಾಗುತ್ತದೆ. ಗಟ್ಟಿಯಾಗಿರುವ ಹಳೆಯ ಬೇಸಿನ್ನನ್ನು ಕೇವಲ ಹಳೆಯದೆಂದು ಎಸೆಯಬೇಕಾಗಿಲ್ಲ.

ಪರಿಗ್ರಹಕ್ಕೆ ಸ್ವಇಚ್ಛೆಯಿಂದ ಮಿತಿ ಹಾಕಿಕೊಳ್ಳುವುದನ್ನು ಶ್ರಾವಕನ ಐದನೆಯ ಅಣುವ್ರತವು ಬೋಧಿಸುತ್ತದೆ. ಹಣದ ಅಭಾವವು ಹಾಕುವ ಮಿತಿ ವ್ರತವಾಗದು. ಅದು ಕೇವಲ ನಿರ್ಬಂಧ. ಆದರೆ ಆ ನಿರ್ಬಂಧದೊಳಗೆ ತನ್ನ ಬಯಕೆಯನ್ನು ಮೊದಲು ಕಡಿತಗೊಳಿಸುವನೋ ಅಥವಾ ಪರರ ಪಾಲನ್ನೋ ಎಂಬುದು ಗೃಹಸ್ಥನ ಕೈಯಲ್ಲಿಯೇ ಉಳಿದಿದೆ. ಮಿತವ್ಯಯ ಮತ್ತು ಕೃಪಣತೆಗಳ ಭೇದವು ಇಲ್ಲಿಯೇ ಗೋಚರಿಸುತ್ತದೆ.

ಇಷ್ಟಕ್ಕೂ ಹಣ ಸಾಲದಿದ್ದರೆ? ಕೆಲಸವನ್ನು ಮುಂದೂಡುವುದು ಅನಿವಾರ್ಯವಾಗಬಹುದು. ಆಗಲೂ ಮೌನವಾಗಿ ಮುಂದೂಡುವುದು ತರವಲ್ಲ. ಸೋರಿಕೆಯ ನಷ್ಟ ದಿನದಿನವೂ ಕೆಳಮನೆಗೆ ತಗಲುತ್ತಿರುತ್ತದೆ. ಮೆಟ್ಟಿಲಿಳಿದು ಹೋಗಿ ತನ್ನ ಸ್ಥಿತಿಯನ್ನು ತಿಳಿಸಿ, ಇಂತಿಷ್ಟು ತಿಂಗಳಲ್ಲಿ ಮಾಡಿಸುವೆನೆಂದು ಮಾತು ಕೊಟ್ಟು, ಅಲ್ಲಿಯವರೆಗೆ ಆ ಸ್ನಾನಗೃಹದ ಬಳಕೆಯನ್ನು ಆದಷ್ಟು ಕಡಿಮೆ ಮಾಡುವುದು ಗೃಹಸ್ಥನ ಧರ್ಮ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗದು.