ಹಬ್ಬದ ಬಿಡುವೂ ಹೊಸ ಕಲೆಯ ಋಣವೂ

ಹಬ್ಬದ ದಿನ ಮನೆಯಲ್ಲಿ ಮಾಡಿದ ಸಿಹಿಯನ್ನು ಒಬ್ಬನೇ ಕುಳಿತು ತಿನ್ನುವುದು ಅನುಚಿತವೆಂಬುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ನೆರೆಮನೆಗೆ ಹೋಗುತ್ತದೆ. ಗೌರಿಯ ಬಾಗಿನ ತವರಿನ ಹೆಣ್ಣುಮಕ್ಕಳಿಗೆ ಸಲ್ಲುತ್ತದೆ. ನವರಾತ್ರಿಯಲ್ಲಿ ಬೊಂಬೆ ನೋಡಲು ಬಂದ ಮಕ್ಕಳು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಹಂಚಿ ಉಣ್ಣುವುದೇ ಹಬ್ಬದ ಧರ್ಮವೆಂಬುದು ಹೀಗೆ ಸರ್ವಸಮ್ಮತವಾದುದು. ಆದರೆ ಒಬ್ಬನಿಗೆ ಆ ವರ್ಷ ದೊರೆತ ಅತ್ಯುತ್ತಮ ವಸ್ತುವು ತಿನಿಸೂ ಅಲ್ಲ, ಬಟ್ಟೆಯೂ ಅಲ್ಲ. ಈಗ ಬದುಕಿರುವ ವಾಗ್ಗೇಯಕಾರನೊಬ್ಬನ ಕೃತಿ, ಅಥವಾ ಇದುವರೆಗೆ ಹೆಸರೇ ಕೇಳದಿದ್ದ ಚಿತ್ರಕಾರನೊಬ್ಬನ ಪಟ, ಎಂದಿಟ್ಟುಕೊಳ್ಳೋಣ. ಅದನ್ನೂ ಹಂಚಬೇಕೆ? ಅದರಿಂದ ಅವನಿಗಾದ ಆನಂದವು ಅವನ ಸ್ವಂತ ಸೊತ್ತೆ, ಅಥವಾ ಇತರರಿಗೆ ತಲುಪಿಸುವುದಕ್ಕಾಗಿ ಅವನ ಕೈಯಲ್ಲಿ ಇರಿಸಿದ ನ್ಯಾಸವೆ? ಪ್ರಶ್ನೆ ಸಣ್ಣದಾಗಿ ಕಂಡರೂ, ಮನುಷ್ಯನು ತನ್ನ ಸುಖಗಳ ವಿಷಯದಲ್ಲಿ ಎಷ್ಟರಮಟ್ಟಿಗೆ ಸ್ವತಂತ್ರನು ಎಂಬ ದೊಡ್ಡ ಪ್ರಶ್ನೆಯೇ ಅದರಲ್ಲಿ ಅಡಗಿದೆ.

ಇಲ್ಲಿ ಮೊದಲು ಎದುರಾಗುವ ಆಕ್ಷೇಪಣೆ ಹಬ್ಬದ ಸ್ವರೂಪದಿಂದಲೇ ಹುಟ್ಟುವಂಥದು. ಹಬ್ಬವೆಂದರೆ ಮರಳಿ ಬರುವುದು. ಹೋದ ವರ್ಷ ಹಾಡಿದ್ದನ್ನೇ ಈ ವರ್ಷವೂ ಹಾಡುವುದರಲ್ಲಿ, ಅಜ್ಜಿ ಜೋಡಿಸುತ್ತಿದ್ದ ಕ್ರಮದಲ್ಲಿಯೇ ಮೊಮ್ಮಗಳು ಬೊಂಬೆಗಳನ್ನು ಜೋಡಿಸುವುದರಲ್ಲಿ ಅದರ ಸೌಖ್ಯವಿದೆ. ಅಂಥ ಕಡೆ ಹೊಸತನ್ನು ತಂದು ನಿಲ್ಲಿಸುವುದು, ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಅಪರಿಚಿತನೊಬ್ಬನ ಭಾಷಣವನ್ನು ಏರ್ಪಡಿಸಿದಂತೆ ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಅದು ಅರ್ಧಸತ್ಯ. ಈಗ ಹಳೆಯದೆಂದು ಗೌರವ ಪಡೆಯುತ್ತಿರುವುದೆಲ್ಲವೂ ಒಂದು ದಿನ ಹೊಸದಾಗಿಯೇ ಹೊಸ್ತಿಲು ದಾಟಿ ಒಳಗೆ ಬಂದದ್ದು. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದ್ವಾಂಸರಾಗಿದ್ದಾಗ ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದರು. ಇಂದು ನವರಾತ್ರಿಯಲ್ಲಿ ಅವುಗಳಲ್ಲೊಂದನ್ನು ಕೇಳುವವನಿಗೆ ಅದು ಪರಂಪರೆಯ ಧ್ವನಿ. ಅದು ಹುಟ್ಟಿದ ದಶಕದಲ್ಲಿ ಕೇಳಿದವನಿಗೆ ಅದು ಸಮಕಾಲೀನ ಕೃತಿ. ಅಂದು ಯಾರೋ ಕೆಲವರು ಅದನ್ನು ಕಲಿತು, ಮತ್ತೆ ಕೆಲವರಿಗೆ ಹಾಡಿ ತೋರಿಸಿದ್ದರಿಂದಲೇ ಅದು ಇಂದು ಹಳೆಯದಾಗುವ ಭಾಗ್ಯವನ್ನು ಪಡೆಯಿತು.

ನವರಾತ್ರಿಯ ಆ ದಿನಗಳನ್ನೇ ದುರ್ಗಾಪೂಜೆಯೆಂದು ಆಚರಿಸುವ ಬಂಗಾಳದಲ್ಲಿ ಹಬ್ಬಕ್ಕೂ ಹೊಸ ಕಲೆಗೂ ಇರುವ ನಂಟು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 20ನೆಯ ಶತಮಾನದಲ್ಲಿ ಅನೇಕ ದಶಕಗಳ ಕಾಲ ಗ್ರಾಮೊಫೋನ್ ಕಂಪನಿಯವರು ಪ್ರತಿವರ್ಷವೂ ಪೂಜೆಯ ಹೊತ್ತಿಗೆಂದೇ ಹೊಸ ಹಾಡುಗಳ ಮುದ್ರಿಕೆಗಳನ್ನು ಹೊರಡಿಸುತ್ತಿದ್ದರು. ಜನರು ಹೊಸ ಬಟ್ಟೆಗೆ ಕಾಯುವಂತೆಯೇ ಅವುಗಳಿಗೂ ಕಾಯುತ್ತಿದ್ದರು. ಪತ್ರಿಕೆಗಳ ಶಾರದೀಯ ಸಂಚಿಕೆಗಳಲ್ಲಿ ಹೊಸ ಕಾದಂಬರಿಗಳು ಮೊದಲ ಬಾರಿ ಅಚ್ಚಾಗುತ್ತಿದ್ದವು. ಸತ್ಯಜಿತ್ ರಾಯರ ಫೆಲೂದಾ ಕಥೆಗಳಲ್ಲಿ ಹಲವು ಹೀಗೆ ‘ದೇಶ್’ ಪತ್ರಿಕೆಯಲ್ಲಿ ಬಂದವು. ಕನ್ನಡ ಪತ್ರಿಕೆಗಳ ದೀಪಾವಳಿ ವಿಶೇಷಾಂಕಗಳನ್ನು ಬಲ್ಲವರಿಗೆ ಇದು ಅಪರಿಚಿತವಾದ ಪದ್ಧತಿಯಲ್ಲ. ಹಬ್ಬವು ಹಳೆಯದನ್ನು ಕಾಯುವ ಕೋಟೆಯಷ್ಟೇ ಅಲ್ಲ, ಹೊಸದು ಒಳಗೆ ಬರುವ ಹೆಬ್ಬಾಗಿಲೂ ಹೌದೆಂಬುದಕ್ಕೆ ಇಷ್ಟು ಸಾಕು. ಇದರ ಕಾರಣವೂ ಸರಳವಾದುದು. ಉಳಿದ ದಿನಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಹಬ್ಬದಲ್ಲಿ ಮಾತ್ರ ಮೂರು ತಲೆಮಾರಿನವರು ಒಂದೇ ಜಗಲಿಯ ಮೇಲೆ ಬಿಡುವಾಗಿ ಕುಳಿತಿರುತ್ತಾರೆ. ಹೊಸತನ್ನು ಕೇಳುವುದಕ್ಕೆ ಬೇಕಾದದ್ದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಬಿಡುವು.

ಹಂಚಬಹುದು ಎಂಬುದು ಇದರಿಂದ ಸಿದ್ಧವಾಯಿತು; ಹಂಚಬೇಕು ಎಂಬುದು ಇನ್ನೂ ಸಿದ್ಧವಾಗಲಿಲ್ಲ. ಅದಕ್ಕೆ ಹಳೆಯ ಕೃತಿಗೂ ಹೊಸ ಕೃತಿಗೂ ಇರುವ ಒಂದು ಭೇದವನ್ನು ನೋಡಬೇಕು. ತ್ಯಾಗರಾಜರ ಕೃತಿಯನ್ನು ಒಬ್ಬನು ಕೇಳಿ ಸುಮ್ಮನಾದರೆ ಅದಕ್ಕೇನೂ ನಷ್ಟವಿಲ್ಲ; ಸಾವಿರ ಕಂಠಗಳು ಅದನ್ನು ಹೊತ್ತು ನಡೆಯುತ್ತಿವೆ. ಹೊಸ ಕೃತಿಗೆ ಕೀರ್ತಿಯ ಬಲವಿಲ್ಲ, ಶಾಸ್ತ್ರಕಾರರ ಆಧಾರವಿಲ್ಲ, ಕಾಲದ ಮುದ್ರೆಯಿಲ್ಲ. ಅದಕ್ಕಿರುವ ಬಲವೆಲ್ಲ ಅದನ್ನು ಕೇಳಿ ಮೆಚ್ಚಿದ ಕೆಲವರ ಸಾಕ್ಷ್ಯ ಮಾತ್ರ. ಆ ಕೆಲವರು ಮೌನವಾಗಿದ್ದರೆ ಸಾಕ್ಷಿಯಿಲ್ಲದ ವ್ಯಾಜ್ಯದಂತೆ ಅದು ಬಿದ್ದುಹೋಗುತ್ತದೆ.

ಇದಕ್ಕೆ ನಿದರ್ಶನವು ಮೈಸೂರಿನಿಂದಲೇ ದೊರೆಯುತ್ತದೆ. ನಿಕೊಲಾಯ್ ಮೆಡ್ಟ್‌ನರ್ 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದ ಸಂಗೀತಕಾರ. ಕ್ರಾಂತಿಯ ಬಳಿಕ ದೇಶವನ್ನು ಬಿಟ್ಟು ಕಡೆಗೆ ಲಂಡನ್ನಿನಲ್ಲಿ ನೆಲೆಸಿದ ಆತನ ಕೃತಿಗಳಿಗೆ ಕೇಳುಗರು ವಿರಳ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತುಹೋಯಿತು. ಅದೇ ಕಾಲದಲ್ಲಿ ಸಾವಿರಾರು ಮೈಲಿಗಳಾಚೆ, ತಾವೇ ವಾಗ್ಗೇಯಕಾರರಾಗಿದ್ದ ಜಯಚಾಮರಾಜ ಒಡೆಯರಿಗೆ ಆತನ ಸಂಗೀತ ಪ್ರಿಯವಾಯಿತು. ಅದನ್ನು ಅರಮನೆಯ ಕೋಣೆಯೊಂದರಲ್ಲಿ ತಾವೊಬ್ಬರೇ ಕೇಳಿ ತೃಪ್ತರಾಗಿರುವುದಕ್ಕೆ ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಅವರ ಧನಸಹಾಯದಿಂದ 1940ರ ದಶಕದ ಕೊನೆಯ ವರ್ಷಗಳಲ್ಲಿ ಮೆಡ್ಟ್‌ನರ್ ತನ್ನ ಮೂರು ಪಿಯಾನೊ ಕಂಚೆರ್ಟೊಗಳನ್ನೂ ಇತರ ಅನೇಕ ಕೃತಿಗಳನ್ನೂ ತಾನೇ ನುಡಿಸಿ ಮುದ್ರಿಸಿದನು. ಮೂರನೆಯ ಕಂಚೆರ್ಟೊ ಒಡೆಯರಿಗೇ ಅರ್ಪಿತವಾಗಿದೆ. 1951ರಲ್ಲಿ ಆತ ತೀರಿಕೊಂಡನು. ಕೆಲವೇ ವರ್ಷ ತಡವಾಗಿದ್ದರೆ ಆ ಬೆರಳುಗಳ ನುಡಿಸಾಣಿಕೆಯಲ್ಲಿ ಆ ಕೃತಿಗಳು ಲೋಕಕ್ಕೆ ಉಳಿಯುತ್ತಿರಲಿಲ್ಲ. ಅರಸನ ಐಶ್ವರ್ಯ ಎಲ್ಲರಿಗೂ ಇರುವುದಿಲ್ಲವೆಂಬುದು ನಿಜ. ಆದರೆ ಇಲ್ಲಿ ಮುಖ್ಯವಾದದ್ದು ಐಶ್ವರ್ಯವಲ್ಲ. ತನಗೆ ಆನಂದವನ್ನು ಕೊಟ್ಟವನಿಗೆ ತಾನು ಋಣಿ, ಆ ಋಣವನ್ನು ತೀರಿಸುವ ದಾರಿ ಇನ್ನೊಬ್ಬನ ಕಿವಿಗೆ ಅದನ್ನು ಮುಟ್ಟಿಸುವುದು ಎಂಬ ಬುದ್ಧಿಯೇ ಮುಖ್ಯ. ಆ ಬುದ್ಧಿಗೆ ರಾಜ್ಯ ಬೇಕಾಗಿಲ್ಲ. ಒಂದು ಸಂಜೆ, ನಾಲ್ಕು ಮಂದಿ ಬಂಧುಗಳು ಇದ್ದರೆ ಸಾಕು.

ಆದರೆ ಋಣವೆಂದ ಮಾತ್ರಕ್ಕೆ ಅದನ್ನು ಹೇಗಾದರೂ ತೀರಿಸಬಹುದೆಂದಲ್ಲ. ಕಾಶ್ಮೀರದ ಅಭಿನವಗುಪ್ತನು ಈ ವಿಷಯದಲ್ಲಿ ಬಹು ಸೂಕ್ಷ್ಮವಾದ ಒಂದು ಸಂಗತಿಯನ್ನು ಗಮನಿಸಿದ್ದಾನೆ. ಗೀತನೃತ್ಯಾದಿಗಳಲ್ಲಿ ನೆರೆದವರೆಲ್ಲರೂ ತನ್ಮಯರಾದಾಗ ಒಬ್ಬೊಬ್ಬನ ಆನಂದವೂ ಉಳಿದವರ ಆನಂದದಿಂದ ವಿಸ್ತಾರವನ್ನು ಹೊಂದುತ್ತದೆ. ತನ್ಮಯನಾಗದವನೊಬ್ಬನು ನಡುವೆ ಇದ್ದರೆ ಆ ಏಕಾಗ್ರತೆಗೆ ಭಂಗ ಬರುತ್ತದೆ. ಇದರ ಮೊದಲ ಭಾಗವು ಹಂಚುವವನಿಗೆ ಧೈರ್ಯವನ್ನು ಕೊಡುತ್ತದೆ: ಹಂಚಿದರೆ ಕಡಿಮೆಯಾಗುವ ಸಿಹಿಯಲ್ಲ ಇದು. ಎರಡನೆಯ ಭಾಗವು ಎಚ್ಚರಿಕೆಯನ್ನು ಹೇಳುತ್ತದೆ: ಮನಸ್ಸಿಲ್ಲದವನನ್ನು ಹಿಡಿದು ಕೂರಿಸಿ ಕೇಳಿಸುವುದರಿಂದ ಅವನಿಗೆ ರಸವೂ ಸಿಕ್ಕುವುದಿಲ್ಲ, ಉಳಿದವರಿಗೆ ಇದ್ದದ್ದೂ ಕೆಡುತ್ತದೆ. ಆದಕಾರಣ ಇದು ಅನ್ನದಾನದಂಥ ಧರ್ಮವಲ್ಲ. ಹಸಿದವನಿಗೆ ಅನ್ನ ಯಾರು ಬಡಿಸಿದರೂ ಹಸಿವು ಹೋಗುತ್ತದೆ. ಹಾಡು ಹಾಗಲ್ಲ, ಕೇಳುವವನು ತನ್ನ ಕಡೆಯಿಂದ ಅರ್ಧವನ್ನು ತರಬೇಕು. ಆ ಅರ್ಧವನ್ನು ಬೇಡಬಹುದೇ ಹೊರತು ಕಿತ್ತುಕೊಳ್ಳಲಾಗದು.

ಹೊಸತನ್ನು ಹಂಚುವವರಲ್ಲಿ ಸಾಮಾನ್ಯವಾಗಿ ಎರಡು ದೋಷಗಳು ಕಂಡುಬರುತ್ತವೆ. ಒಂದು ಅಹಂಕಾರ. ‘ಇದನ್ನು ಮೊದಲು ಕಂಡವನು ನಾನು’ ಎಂಬ ಹೆಮ್ಮೆ ಕೃತಿಯ ಮುಂದೆ ಬಂದು ನಿಂತರೆ ಕೃತಿ ಕಾಣಿಸುವುದಿಲ್ಲ. ಹಾಡು ನಡೆಯುತ್ತಿರುವಾಗ ಅದನ್ನು ಕೇಳದೆ ಕೇಳುಗರ ಮುಖವನ್ನೇ ನೋಡುತ್ತ, ತಲೆದೂಗದವನನ್ನು ಅರಸಿಕನೆಂದು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವವನು ಹಂಚುತ್ತಿರುವುದು ಹಾಡನ್ನಲ್ಲ, ತನ್ನನ್ನು. ಇನ್ನೊಂದು ದೋಷ ಔದಾಸೀನ್ಯದ್ದು. ಇಂದು ಒಂದು ಹಾಡನ್ನು ನೂರು ಜನಕ್ಕೆ ಕಳುಹಿಸಲು ಮೊಬೈಲ್ ಫೋನಿನ ಮೇಲೆ ಬೆರಳಾಡಿಸಿದರೆ ಸಾಕು. ಕಳುಹಿಸಿದವನು ತಾನೇ ಅದನ್ನು ಪೂರ್ತಿ ಕೇಳಿರುವುದಿಲ್ಲ. ಪಡೆದವನು ತೆರೆಯುವುದೂ ಇಲ್ಲ. ಸಾಕ್ಷಿ ಹೇಳುವವನು ನ್ಯಾಯಸ್ಥಾನಕ್ಕೆ ಬಂದು ನಿಲ್ಲಬೇಕಾದಂತೆ, ಹೊಸ ಕೃತಿಯನ್ನು ಹಂಚುವವನೂ ಅದರ ಪಕ್ಕದಲ್ಲಿ ನಿಲ್ಲಬೇಕು: ಪಕ್ಕದಲ್ಲಿ ಕುಳಿತು ಮತ್ತೊಮ್ಮೆ ತಾನೂ ಕೇಳಬೇಕು, ಏಕೆ ಹಿಡಿಸಿತೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು, ‘ನನಗೆ ಇದು ಹಿಡಿಸಲಿಲ್ಲ’ ಎಂಬ ಉತ್ತರ ಬಂದರೆ ಅದನ್ನು ಸಮಾಧಾನದಿಂದ ಸಹಿಸಬೇಕು. ಹೊಸ ಕೃತಿಯ ಬೆಲೆ ಇನ್ನೂ ಗೊತ್ತಾಗಿಲ್ಲ. ಅದನ್ನು ಮೆಚ್ಚಿದೆನೆಂದು ಹೇಳುವವನು ತನ್ನ ವಿವೇಕವನ್ನೇ ಪಣವಾಗಿಡುತ್ತಾನೆ. ಆ ಪಣವಿರುವುದರಿಂದಲೇ ಈ ಹಂಚಿಕೆಗೆ ನೈತಿಕವಾದ ತೂಕ ಬರುವುದು.

ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದಿದೆ. ಹೊಸ ಕಲೆ ಯಾವಾಗಲೂ ಸಂತೋಷವನ್ನೇ ಹೊತ್ತು ತರುವುದಿಲ್ಲ. ತನ್ನ ಕಾಲದ ದುಃಖವನ್ನು ಅದು ಹಳೆಯ ಕಲೆಗಿಂತ ಹತ್ತಿರದಿಂದ ಕಂಡಿರುತ್ತದೆ. ಹಬ್ಬದ ಮನೆಗೆ ಅಂಥದನ್ನು ತರಬಹುದೆ? 2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕೂಲಿಕಾರರು ಹೆಂಡಿರುಮಕ್ಕಳೊಡನೆ ನೂರಾರು ಮೈಲಿ ನಡೆದು ಊರು ಸೇರಿದರು. ಆ ವರ್ಷದ ಪೂಜೆಯಲ್ಲಿ ಕೋಲ್ಕತ್ತದ ಬೆಹಾಲಾ ಪ್ರದೇಶದ ಬರಿಷಾ ಕ್ಲಬ್ಬಿನ ಮಂಟಪದಲ್ಲಿ, ಕಲಾವಿದ ರಿಂಟು ದಾಸರ ಕಲ್ಪನೆಯಂತೆ ಶಿಲ್ಪಿ ಪಲ್ಲಬ್ ಭೌಮಿಕರು ದುರ್ಗೆಯನ್ನು ಮಗುವನ್ನೆತ್ತಿಕೊಂಡು ನಡೆಯುವ ಅಂಥ ಒಬ್ಬ ತಾಯಿಯಾಗಿ ರೂಪಿಸಿದರು. ಹಬ್ಬದಲ್ಲಿ ಮರೆಯಬೇಕಾದದ್ದನ್ನು ನೆನಪಿಗೆ ತಂದರೆಂದು ಅವರನ್ನು ಆಕ್ಷೇಪಿಸಬಹುದು. ಆದರೆ ವಿಚಾರಮಾಡಿದರೆ, ಹಬ್ಬವು ಮರೆಯುವುದಕ್ಕಾಗಿ ಇರುವುದೆಂಬ ಭಾವನೆಯೇ ಸರಿಯಲ್ಲ. ತಾಯಿ ತವರಿಗೆ ಬರುತ್ತಾಳೆಂದು ಹಾಡುವ ನಾಡಿನಲ್ಲಿ, ತನ್ನ ಮನೆಗೆ ನಡೆದೇ ಹೋಗಬೇಕಾದ ತಾಯಿಯೊಬ್ಬಳಿಗೆ ಆ ವರ್ಷ ಮಂಟಪದಲ್ಲಿ ಸ್ಥಳ ಸಿಕ್ಕದಿದ್ದರೆ ಆ ಹಾಡಿಗೆ ಅರ್ಥವಿರುತ್ತಿರಲಿಲ್ಲ. ಎಲ್ಲರೂ ಸೇರುವ ದಿನ ಸೇರಲಾರದವರನ್ನು ಕಣ್ಣಮುಂದೆ ತರುವುದು ಹಬ್ಬಕ್ಕೆ ವಿರುದ್ಧವಾದುದಲ್ಲ, ಹಬ್ಬದ ವಿಸ್ತಾರ.

ಆದರೂ ಊರ ಮಂಟಪಕ್ಕೆ ಸಲ್ಲುವುದು ಪ್ರತಿಯೊಂದು ಮನೆಯ ಪಡಸಾಲೆಗೂ ಸಲ್ಲುವುದೆಂದು ಹೇಳುವಂತಿಲ್ಲ. ಮಂಟಪಕ್ಕೆ ಹೋಗುವವನು ಇಷ್ಟಪಟ್ಟು ಹೋಗುತ್ತಾನೆ, ಮನೆಯಲ್ಲಿರುವವರು ಎದ್ದುಹೋಗಲಾರರು. ಆ ವರ್ಷ ಮಗನನ್ನು ಕಳೆದುಕೊಂಡ ತಾಯಿ ಕುಳಿತಿರುವ ಕಡೆ ಶೋಕಗೀತವು ಎಷ್ಟೇ ಉತ್ತಮವಾಗಿದ್ದರೂ ಅದನ್ನು ಹಾಕುವವನು ರಸಿಕನಾಗಿರಬಹುದು, ಸಹೃದಯನಲ್ಲ. ಸಹೃದಯನೆಂಬ ಪದಕ್ಕೆ ಕೃತಿಯ ಹೃದಯವನ್ನು ಬಲ್ಲವನೆಂಬ ಅರ್ಥದ ಜೊತೆಗೆ, ಪಕ್ಕದಲ್ಲಿರುವವರ ಹೃದಯವನ್ನೂ ಬಲ್ಲವನೆಂಬ ಅರ್ಥವನ್ನು ಕೂಡಿಸಿಕೊಂಡರೆ ತಪ್ಪಾಗಲಾರದು.

ಹೊಸದರ ಪ್ರಮಾಣ ಎಷ್ಟಿರಬೇಕೆಂಬುದಕ್ಕೂ ಒಂದು ಒಳ್ಳೆಯ ಮಾದರಿಯಿದೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ 1918ರಿಂದ ಕ್ರಿಸ್ಮಸ್ಸಿನ ಹಿಂದಿನ ದಿನ ಒಂಬತ್ತು ಪಾಠಗಳೂ ಗೀತಗಳೂ ಕೂಡಿದ ಆರಾಧನೆ ನಡೆಯುತ್ತ ಬಂದಿದೆ. ಅಲ್ಲಿ ಹಾಡುವುದರಲ್ಲಿ ಬಹುಭಾಗ ಎಲ್ಲರಿಗೂ ಪರಿಚಿತವಾದದ್ದು. ಆದರೆ 1983ರಲ್ಲಿ ಸ್ಟೀಫನ್ ಕ್ಲಿಯೋಬರಿ ಎಂಬ ಸಂಗೀತನಿರ್ದೇಶಕರು, ಜೀವಂತನಾಗಿರುವ ಒಬ್ಬ ರಚನಕಾರನಿಂದ ವರ್ಷಕ್ಕೊಂದು ಹೊಸ ಗೀತವನ್ನು ಬರೆಯಿಸಿ ನಡುವೆ ಸೇರಿಸುವ ಪದ್ಧತಿಯನ್ನು ತಂದರು. 1990ರಲ್ಲಿ ಹೀಗೆ ಬರೆದವರು ಎಸ್ಟೋನಿಯದ ಆರ್ವೊ ಪೆರ್ಟ್. ಆ ಗೀತವನ್ನು ಈಗ ಅನೇಕ ದೇಶಗಳ ಗಾಯಕವೃಂದಗಳು ಹಾಡುತ್ತವೆ. ಹಳೆಯದು ಹಲವು, ಹೊಸದು ಒಂದು: ಬಂದವರ ನೆನಪಿಗೂ ಅಪಚಾರವಿಲ್ಲ, ಬದುಕಿರುವವನ ಪ್ರತಿಭೆಗೂ ಅನ್ಯಾಯವಿಲ್ಲ. ಕನ್ನಡ ಮನೆಯಲ್ಲಿ ಬೊಂಬೆಗಳ ಮುಂದೆ ಮಗುವನ್ನು ಹಾಡೆಂದು ಕೇಳುವಾಗಲೂ ಇದೇ ಕ್ರಮ ಒಗ್ಗುತ್ತದೆ. ಅಜ್ಜಿ ಕಲಿಸಿದ್ದು ಎರಡು ಹಾಡಿದ ಮೇಲೆ, ಮಗು ತಾನೇ ಈ ವರ್ಷ ಮೆಚ್ಚಿ ಕಲಿತದ್ದನ್ನು ಒಂದು ಹಾಡಲಿ.

ಹಾಗೆ ಹಾಡಿದಾಗ ಹಿರಿಯರಿಗೂ ಒಂದು ಕರ್ತವ್ಯವುಂಟು. ದಾನಕ್ಕೆ ಪಾತ್ರನಾಗುವುದೂ ಒಂದು ಶೀಲ. ಕಿರಿಯನು ತಂದ ಹೊಸ ಹಾಡನ್ನು ಮೊದಲ ಸಾಲಿನಲ್ಲಿಯೇ ತಳ್ಳಿಹಾಕುವವರು, ಅವನು ತಮ್ಮ ಹಳೆಯ ಹಾಡುಗಳನ್ನು ಶ್ರದ್ಧೆಯಿಂದ ಕೇಳಬೇಕೆಂದು ಬಯಸುವುದು ನ್ಯಾಯವಲ್ಲ. ಕಿರಿಯನು ತನಗೆ ಪ್ರಿಯವಾದುದನ್ನು ಮನೆಯವರ ಮುಂದಿಡುವುದು ಅದರ ಬೆಲೆಯನ್ನು ಕೇಳುವುದಕ್ಕಲ್ಲ, ತನ್ನ ಮನಸ್ಸು ಈಗ ಎಲ್ಲಿ ನೆಲೆಸಿದೆ ಎಂಬುದನ್ನು ಅವರಿಗೆ ತೋರಿಸುವುದಕ್ಕೆ. ಒಮ್ಮೆ ನಕ್ಕು ಕಳುಹಿಸಿದರೆ ಮುಂದಿನ ಹಬ್ಬಕ್ಕೆ ಅವನು ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಮೂಲೆಯಲ್ಲಿ ಒಬ್ಬನೇ ಕೇಳುತ್ತ ಕುಳಿತಿರುತ್ತಾನೆ. ಆಗ ಮನೆಯವರು ಕಳೆದುಕೊಳ್ಳುವುದು ಒಂದು ಹಾಡನ್ನಲ್ಲ. ಕೊನೆಯವರೆಗೆ ಕೇಳಿ, ‘ಇನ್ನೊಮ್ಮೆ ಹಾಕು, ಪೂರ್ತಿ ಹಿಡಿತಕ್ಕೆ ಸಿಕ್ಕಲಿಲ್ಲ’ ಎಂದು ಹೇಳುವ ಹಿರಿಯರಿರುವ ಮನೆಯಲ್ಲಿ ಹಳೆಯದಕ್ಕೂ ಆಯುಸ್ಸು ಹೆಚ್ಚು.

ಇಷ್ಟರಿಂದ ಮೊದಲ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಕಲೆಯಿಂದಾದ ಆನಂದವು ಪೂರ್ತಿಯಾಗಿ ಪಡೆದವನ ಸೊತ್ತಲ್ಲ. ಅದರಲ್ಲಿ ಒಂದು ಪಾಲು ಅದನ್ನು ರಚಿಸಿದವನದು. ಇನ್ನೊಂದು ಪಾಲು ಅದನ್ನು ಇನ್ನೂ ಕೇಳದವನದು. ಹಳೆಯ ಕೃತಿಗಳ ವಿಷಯದಲ್ಲಿ ಆ ಪಾಲನ್ನು ಕಾಲವೇ ಹಂಚಿಕೊಟ್ಟಿದೆ. ಹೊಸದರ ವಿಷಯದಲ್ಲಿ ಆ ಕೆಲಸ ಅದನ್ನು ಮೆಚ್ಚಿದವನ ಮೇಲೆ ಬೀಳುತ್ತದೆ. ಎಲ್ಲರೂ ಕೂಡುವ ಬಿಡುವಿನ ದಿನಗಳು ವರ್ಷಕ್ಕೆ ಬರುವುದು ಕೆಲವೇ. ಮೆಚ್ಚಿದವನು ಆಗಲೂ ಬಾಯಿ ತೆರೆಯದಿದ್ದರೆ, ಎಲ್ಲಿಯೋ ಒಂದು ಕಡೆ ಹಾಡುತ್ತಲೋ ಚಿತ್ರಿಸುತ್ತಲೋ ಇರುವ ಒಬ್ಬನಿಗೆ ಸಲ್ಲಬೇಕಾದ ಕೇಳುಗನು ಸಲ್ಲದೆಹೋಗುತ್ತಾನೆ.