ನಿಲ್ಲುವ ಭಯ, ನಿಲ್ಲದಿರುವ ಭಯ

ಹಳೆಯ ಗಾಡಿಯೊಂದನ್ನು ದೂರದ ಪ್ರಯಾಣಕ್ಕೆ ಅಣಿಮಾಡುವ ಕೆಲಸದಲ್ಲಿ ಧರ್ಮಾಧರ್ಮಗಳ ಪ್ರಶ್ನೆ ಏಳಬಹುದೆಂದು ನಾನು ಎಣಿಸಿರಲಿಲ್ಲ. ಗ್ರೀಸು, ಸ್ಪ್ಯಾನರು, ಡೀಸೆಲ್ ವಾಸನೆಗಳ ನಡುವೆ ನೀತಿಶಾಸ್ತ್ರಕ್ಕೆ ಎಡೆಯೆಲ್ಲಿ? ಆದರೆ ಒಂದು ತಿಂಗಳಿಂದ ನನ್ನ ನಿದ್ದೆ ಕೆಡಿಸಿರುವುದು ಅದೇ ಪ್ರಶ್ನೆ.

ಗಾಡಿ ಎಂದರೆ ನಮ್ಮ ತಂದೆಯವರು 1994ರಲ್ಲಿ ತೀರ್ಥಹಳ್ಳಿಯ ಕಡೆಯ ತೋಟಕ್ಕಾಗಿ ಕೊಂಡ ಜೀಪು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಜಾತಿಯದು. ಗೇರಿನ ಕೋಲಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕೋಲುಗಳು. ಒಂದನ್ನು ಎಳೆದರೆ ಮುಂದಿನ ಚಕ್ರಗಳೂ ಮಣ್ಣನ್ನು ಕಚ್ಚುತ್ತವೆ, ಇನ್ನೊಂದನ್ನು ಎಳೆದರೆ ಆಮೆಯ ವೇಗದಲ್ಲಿ ಆನೆಯ ಬಲ ಬರುತ್ತದೆ. ಆಷಾಢದ ಕೆಸರಿನಲ್ಲಿ ತೋಟದ ಏರನ್ನು ಹತ್ತಬಲ್ಲದ್ದು ಅದೊಂದೇ. ತಂದೆಯವರು ಹೋದ ಮೇಲೆ ಅದು ತೋಟ ನೋಡಿಕೊಳ್ಳುವ ನನ್ನ ತಮ್ಮನ ವಶದಲ್ಲಿದೆ. ಆದರೂ ಅದರ ಮೇಲಿನ ಮಮತೆಯ ಪಾಲು ನನಗೇ ಹೆಚ್ಚು ಬಂದಿದೆ. ಕೆಲಸಕ್ಕೆ ಬಳಸದವನಿಗೆ ಮಮತೆ ಸುಲಭ.

ಅಮ್ಮನಿಗೆ ಈಗ ಎಪ್ಪತ್ತೆಂಟು. ಪಂಢರಪುರ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಅವರು, ನನ್ನ ಹೆಂಡತಿ, ಮಗ, ಮಗಳು, ನಾನು, ಹೀಗೆ ಐವರೂ ಆ ಜೀಪಿನಲ್ಲೇ ಹೊರಟು, ಹಂಪೆ, ಬಾದಾಮಿ, ವಿಜಯಪುರಗಳನ್ನು ನೋಡಿಕೊಂಡು ಪಂಢರಪುರ ಮುಟ್ಟುವುದು. ಬರುವಾಗ ಕೊಲ್ಹಾಪುರದ ಮೇಲೆ ಗೋಕರ್ಣಕ್ಕೆ ಇಳಿದು, ಕರಾವಳಿ ಹಿಡಿದು, ಆಗುಂಬೆ ಘಟ್ಟ ಹತ್ತಿ ಮನೆ ಸೇರುವುದು. ಇದು ನನ್ನ ಏರ್ಪಾಡು. ಕೇಳಿದವರೆಲ್ಲ ಭೇಷ್ ಎಂದರು. ನನಗೂ ಆ ಭೇಷ್ ಬೇಕಿತ್ತು.

ಕಾಲೇಜಿನ ಪ್ರಶ್ನೆಪತ್ರಿಕೆ ತಯಾರಿಸುವಷ್ಟೇ ಶ್ರದ್ಧೆಯಿಂದ ಒಂದು ಪಟ್ಟಿ ಬರೆದೆ. ಹೊಸ ಬ್ಯಾಟರಿ. ಹೊಸ ಫ್ಯಾನ್ ಬೆಲ್ಟು, ಜೊತೆಗೆ ಕೈಯಲ್ಲೊಂದು. ರೇಡಿಯೇಟರ್ ಬಿಚ್ಚಿಸಿ ತೊಳೆಸುವುದು. ಡೀಸೆಲ್ ಫಿಲ್ಟರು. ಗೇರ್ ಪೆಟ್ಟಿಗೆಗೂ ಹಿಂದು ಮುಂದಿನ ಆಕ್ಸಲ್‌ಗಳಿಗೂ ಹೊಸ ಎಣ್ಣೆ. ಜಾಕು, ಸ್ಟೆಪ್ನಿ, ಎಳೆಯುವ ಹಗ್ಗ, ನೀರಿನ ಕ್ಯಾನು, ಟಾರ್ಚು. ಪಟ್ಟಿ ನಲವತ್ತು ಬಾಬುಗಳಾಯಿತು. ಅದನ್ನು ನಮ್ಮ ಮೇಸ್ತ್ರಿಯ ಕೈಗೆ ಕೊಟ್ಟೆ. ಆತ ತಂದೆಯವರ ಕಾಲದಿಂದಲೂ ಈ ಜೀಪಿನ ನಾಡಿ ಹಿಡಿದವನು. ಪಟ್ಟಿಯನ್ನು ಎರಡು ಸಾರಿ ಓದಿ, ಕೈ ಒರೆಸಿಕೊಂಡು, "ಮೇಷ್ಟ್ರೇ, ಗಾಡಿ ಹೋಗೋದಕ್ಕೆ ಎಲ್ಲ ಬರ್ದಿದೀರಿ. ನಿಲ್ಲೋದಕ್ಕೆ ಏನೂ ಬರ್ದಿಲ್ವಲ್ಲ" ಎಂದ.

ನಾನು ನಕ್ಕೆ. ಆತ ನಗಲಿಲ್ಲ. ನನ್ನನ್ನು ಕೂರಿಸಿ ಬ್ರೇಕ್ ಪೆಡಲು ಒತ್ತಲು ಹೇಳಿ, ತಾನು ಮುಂದಿನ ಚಕ್ರದ ಹಿಂದೆ ತಲೆ ತೂರಿಸಿದ. ಆಮೇಲೆ ಜಾಗ ಬದಲಾಯಿಸಿ ನನಗೆ ತೋರಿಸಿದ. ಬ್ರೇಕ್ ಎಣ್ಣೆಯನ್ನು ಚಕ್ರಕ್ಕೆ ಒಯ್ಯುವ ರಬ್ಬರ್ ಹೋಸು, ಪೆಡಲು ಒತ್ತಿದಾಗಲೆಲ್ಲ ಕಪ್ಪೆಯ ಗಂಟಲಿನಂತೆ ಉಬ್ಬುತ್ತಿತ್ತು. ಎಣ್ಣೆಯೋ, ಕಾಫಿಯ ಬಣ್ಣ. ಆ ಎಣ್ಣೆ ವರ್ಷ ಕಳೆದಂತೆ ಗಾಳಿಯ ತೇವವನ್ನು ಹೀರುತ್ತದಂತೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಬೇಗನೆ ಕುದಿಯುತ್ತದೆ, ಕುದಿದರೆ ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಾಲ್ಕು ಚಕ್ರದ ಬಲದ ಬಗ್ಗೆ ನನಗಿದ್ದ ಹೆಮ್ಮೆಯ ಕಥೆಯೂ ಅಷ್ಟೆ. ಆ ಬಲ ಏರುವುದಕ್ಕೆ, ಕೆಸರು ದಾಟುವುದಕ್ಕೆ. ಬ್ರೇಕು ನಾಲ್ಕು ಚಕ್ರಕ್ಕೂ ಇರುವುದು ಎಲ್ಲ ಕಾರುಗಳಿಗೂ ಉಂಟು. ಒಣಗಿದ ಡಾಂಬರು ರಸ್ತೆಯಲ್ಲಂತೂ ನಮ್ಮ ಜೀಪಿನಲ್ಲಿ ಆ ಕೋಲನ್ನು ಮುಟ್ಟಲೇಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಸಮದೂರ ಉರುಳುವುದಿಲ್ಲವಾದ್ದರಿಂದ ಒಳಗಿನ ಹಲ್ಲುಗಳು ಒಂದನ್ನೊಂದು ತಿರುಚುತ್ತವೆ.

ಟೈರುಗಳನ್ನು ಮಾತ್ರ ಹೊಗಳುತ್ತಾನೆಂದುಕೊಂಡೆ. ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದ ಗಾಡಿ; ಗೀರುಗಳು ಹೊಸದರಂತೆ ಆಳವಾಗಿದ್ದವು. ಆತ ಟೈರಿನ ಪಕ್ಕೆಯಲ್ಲಿ ಒತ್ತಿದ್ದ ನಾಲ್ಕು ಅಂಕಿಗಳನ್ನು ಬೆರಳಿನಿಂದ ಉಜ್ಜಿ ಓದಿಸಿದ: 3212. ಮೊದಲ ಎರಡು ಅಂಕಿ ವಾರ, ಮುಂದಿನ ಎರಡು ವರ್ಷ. 2012ರ ಮೂವತ್ತೆರಡನೆಯ ವಾರ ಹುಟ್ಟಿದ ರಬ್ಬರು. ನಿಂತಲ್ಲೇ ಮುದಿಯಾಗಿ, ಗೀರುಗಳ ಬುಡದಲ್ಲಿ ಕೂದಲೆಳೆಯ ಬಿರುಕುಗಳನ್ನು ಬಿಟ್ಟುಕೊಂಡಿತ್ತು. ಪ್ರತಿ ಆಯುಧಪೂಜೆಗೂ ಆ ಚಕ್ರಗಳ ಅಡಿಯಲ್ಲಿ ನಿಂಬೆಹಣ್ಣು ಇಟ್ಟವನು ನಾನೇ. ಹಣ್ಣನ್ನು ನೋಡಿದ್ದೆ, ಚಕ್ರವನ್ನು ನೋಡಿರಲಿಲ್ಲ.

ಆ ರಾತ್ರಿ ನನ್ನ ಪಟ್ಟಿಯನ್ನು ಮತ್ತೆ ತೆಗೆದೆ. ನಲವತ್ತು ಬಾಬುಗಳೂ ಗಾಡಿ ದಾರಿಯಲ್ಲಿ ನಿಂತುಹೋಗದಿರಲೆಂದು ಬರೆದವು. ಗಾಡಿ ನಿಂತರೆ ಏನಾಗುತ್ತದೆ? ಹೆಂಡತಿ ಮಕ್ಕಳ ಎದುರು, ಭೇಷ್ ಎಂದವರ ಎದುರು ನನ್ನ ಮಾನ ಹೋಗುತ್ತದೆ. ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ? ಹೋಗುವುದು ಅವರ ಪ್ರಾಣ. ಮೊದಲನೆಯ ಭಯಕ್ಕೆ ನಲವತ್ತು ಔಷಧಿ ಬರೆದುಕೊಂಡವನು ಎರಡನೆಯದನ್ನು ದೇವರಿಗೆ ಬಿಟ್ಟಿದ್ದೆ. ಇದು ಮರೆವೆಂದು ಹೇಳಿ ಪಾರಾಗಬಹುದಿತ್ತು. ಆದರೆ ಬ್ರೇಕು ಒತ್ತಿದಾಗ ಪೆಡಲು ಸ್ವಲ್ಪ ಮೆತ್ತಗಿದೆಯೆಂದು ಕಳೆದ ದೀಪಾವಳಿಯಲ್ಲೇ ನನ್ನ ಕಾಲಿಗೆ ತಿಳಿದಿತ್ತು. ಕಾಲಿಗೆ ತಿಳಿದದ್ದನ್ನು ತಲೆಗೆ ಹೋಗಗೊಡಿಸಿರಲಿಲ್ಲ.

ವಿಲಿಯಂ ಕಿಂಗ್ಡನ್ ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದ. ಅದರ ಮೊದಲಲ್ಲೇ ಒಬ್ಬ ಹಡಗಿನ ಒಡೆಯ ಬರುತ್ತಾನೆ. ಹಡಗು ಹಳೆಯದು, ಎಷ್ಟೋ ಸಾರಿ ರಿಪೇರಿಯಾದದ್ದು. ವಲಸೆ ಹೊರಟ ಸಂಸಾರಗಳು ಹತ್ತಬೇಕು. ಒಡೆಯನಿಗೆ ಅನುಮಾನ ಬರುತ್ತದೆ; ಇಷ್ಟು ಬಿರುಗಾಳಿಗಳನ್ನು ಗೆದ್ದು ಬಂದದ್ದಲ್ಲವೇ, ದೇವರು ಕಾಪಾಡಲಾರನೇ ಎಂದು ತನಗೆ ತಾನೇ ಹೇಳಿಕೊಂಡು ಅನುಮಾನವನ್ನು ಅಳಿಸಿಹಾಕುತ್ತಾನೆ. ಹಡಗು ಮುಳುಗುತ್ತದೆ, ಆತ ವಿಮೆಯ ಹಣ ಎಣಿಸಿಕೊಳ್ಳುತ್ತಾನೆ. ಆತ ಮನಸಾರೆ ನಂಬಿದ್ದು ನಿಜವಿರಬಹುದು, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎಂಬುದು ಕ್ಲಿಫರ್ಡನ ತೀರ್ಪು. ಅಲ್ಲಿಗೆ ನಿಲ್ಲುವುದಿಲ್ಲ: ಹಡಗು ಸುಖವಾಗಿ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಮೆಯಾಗುತ್ತಿರಲಿಲ್ಲವಂತೆ. ಇದು ಬರಿಯ ಕಟ್ಟುಕಥೆಯಲ್ಲ. ಶವಪೆಟ್ಟಿಗೆಗಳೆಂದು ಜನ ಕರೆಯುತ್ತಿದ್ದ ಅಂಥ ಹಡಗುಗಳ ವಿರುದ್ಧ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಹೋರಾಡಿ 1876ರಲ್ಲಿ ಕಾನೂನು ಮಾಡಿಸಿದ್ದು ಅದೇ ಕಾಲದಲ್ಲಿ.

ಆ ಒಡೆಯ ದಡದಲ್ಲಿ ನಿಂತವನು, ನಾನಾದರೋ ಚಕ್ರ ಹಿಡಿದು ಅದೇ ಗಾಡಿಯಲ್ಲಿ ಕೂರುವವನು, ಬಂದದ್ದು ನನಗೂ ಬರಲಿ ಎಂದು ಮೊದಲು ಸಮಾಧಾನ ಹೇಳಿಕೊಂಡೆ. ಸಮಾಧಾನ ಬೆಳಗಿನವರೆಗೂ ನಿಲ್ಲಲಿಲ್ಲ. ನನ್ನ ತಲೆಯನ್ನು ಪಣಕ್ಕಿಟ್ಟದ್ದರಿಂದ ಮಗಳ ತಲೆಯನ್ನೂ ಇಡುವ ಅಧಿಕಾರ ನನಗೆ ಎಲ್ಲಿಂದ ಬಂತು? ಹಾಗೆಂದು ಪೂರ್ಣ ನಿಶ್ಚಯ ಬೇಕೆಂದು ಕೂತರೆ ಯಾವ ಗಾಡಿಯೂ ಹೊರಡುವುದಿಲ್ಲ. ಕ್ಲಿಫರ್ಡ್ ತೀರ ಕಠಿಣನಾದನೆಂದು ನನಗೆ ಈಗಲೂ ಅನ್ನಿಸುತ್ತದೆ. ಮೇಸ್ತ್ರಿಯನ್ನು, ಇಷ್ಟೆಲ್ಲ ಬದಲಾಯಿಸಿದ ಮೇಲೆ ಭಯವಿಲ್ಲವಷ್ಟೆ ಎಂದು ಕೇಳಿದ್ದಕ್ಕೆ, "ನೋಡಿದ್ದಕ್ಕೆ ನಾನು ಜವಾಬ್ದಾರಿ. ನೋಡದೆ ಇರೋದು ಇಷ್ಟಿದೆ ಅಂತ ಹೇಳಿಬಿಡ್ತೀನಿ. ಅದ್ರ ಮೇಲೆ ಹತ್ತೋರು ಹತ್ತಲಿ" ಎಂದ. ಕ್ಲಿಫರ್ಡನಿಗಿಂತ ಇದು ನನಗೆ ಒಪ್ಪಿಗೆಯಾಯಿತು.

ಆದರೆ ಹತ್ತುವವರಿಗೆ ಹೇಳಬೇಕು. ಅದೇ ಕಷ್ಟ. ಎಲ್ಲ ಸರಿಮಾಡಿಸಿದ್ದೇನೆ ಎಂದರೆ ಸುಳ್ಳಾಗುತ್ತಿರಲಿಲ್ಲ. ಅಶ್ವತ್ಥಾಮನ ವಿಷಯದಲ್ಲಿ ಧರ್ಮರಾಯ ಆಡಿದ ಮಾತೂ ಪೂರ್ತಿ ಸುಳ್ಳಲ್ಲ. ಅಲ್ಲಿಯತನಕ ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಆ ಮಾತಿನೊಡನೆ ಮಣ್ಣಿಗಿಳಿಯಿತಂತೆ. ನನ್ನ ರಥ ಮೊದಲೇ ಮಣ್ಣಿನಲ್ಲಿ ಓಡುವಂಥದು. ಊಟದ ಹೊತ್ತಿನಲ್ಲಿ ಎಲ್ಲರ ಎದುರು ಹೇಳಿದೆ: ಹೋಸು ಉಬ್ಬಿದ್ದು, ಟೈರಿನ ವಯಸ್ಸು, ಈಗ ಬದಲಾಯಿಸಿದ್ದು. ಬದಲಾಯಿಸಲಾಗದ್ದನ್ನೂ ಹೇಳಿದೆ. ಬೆಲ್ಟು ಇರುವುದು ಮುಂದಿನ ಎರಡು ಸೀಟಿಗೆ ಮಾತ್ರ. ಹಿಂದೆ ಎದುರುಬದುರಾಗಿ ಎರಡು ಬೆಂಚು, ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ಬೇರೇನೂ ಇಲ್ಲ.

ಮಗ, ಇಡೀ ಮಲೆನಾಡು ಹಾಗೆಯೇ ಓಡಾಡುತ್ತದಲ್ಲ ಎಂದ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನ ಅಪ್ಪಯ್ಯ ಒಂದು ದಿನವೂ ಹೀಗೆ ಹೇಳಿದ್ದಿಲ್ಲ ಮಾರಾಯ. ಆಗುಂಬೆ ಇಳಿಯುವಾಗ ಹದಿನಾಲ್ಕು ತಿರುವಿಗೂ ನಿನ್ನ ತಮ್ಮನನ್ನು ಮಡಿಲಲ್ಲಿ ಒತ್ತಿ ಹಿಡಿದು ಆ ಸರಳಿಗೆ ಜೋತುಬೀಳುತ್ತಿದ್ದೆ. ಹೆದರಿಕೆ ಅಂತ ಹೇಳಲಿಕ್ಕೆ ಉಂಟಾ?" ಎಂದರು.

ಮೂವತ್ತು ವರ್ಷ ಅದನ್ನು ನಾವೆಲ್ಲ ಅಮ್ಮನ ಧೈರ್ಯವೆಂದು, ತಂದೆಯವರ ಮೇಲಿನ ನಂಬಿಕೆಯೆಂದು ಹೇಳಿಕೊಂಡು ಬಂದಿದ್ದೆವು. ಅದು ಬರಿಯ ಮೌನವಾಗಿತ್ತು. ನಂಬಿದವರೂ ಮಾತಾಡುವುದಿಲ್ಲ, ಕೇಳಿಸಿಕೊಳ್ಳುವವರಿಲ್ಲವೆಂದು ತಿಳಿದವರೂ ಮಾತಾಡುವುದಿಲ್ಲ; ಚಕ್ರ ಹಿಡಿದವನ ಕಿವಿಗೆ ಎರಡೂ ಒಂದೇ. ಅಷ್ಟರಲ್ಲಿ ಇನ್ನೊಂದು ಲೆಕ್ಕ ನೆನಪಿಗೆ ಬಂತು. ಕೊನೆಕೊಯ್ಲಿನ ಕಾಲದಲ್ಲಿ ಅದೇ ಬೆಂಚುಗಳ ಮೇಲೆ, ಅದೇ ಟೈರು ಅದೇ ಹೋಸಿನೊಡನೆ, ಹನ್ನೆರಡು ಹದಿನಾಲ್ಕು ಆಳುಗಳು ವರ್ಷವರ್ಷವೂ ತೋಟದ ಏರು ಹತ್ತಿ ಇಳಿದಿದ್ದಾರೆ. ಅವರಿಗಾಗಿ ಯಾರೂ ಪಟ್ಟಿ ಬರೆದಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲವೆನ್ನುವುದನ್ನು ಕ್ಲಿಫರ್ಡ್ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಯಾಣ ರದ್ದಾಗಲಿಲ್ಲ. ಹೆಂಡತಿ, ಮಗ, ಮಗಳು ರೈಲಿನಲ್ಲಿ ವಿಜಯಪುರಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಪಂಢರಪುರ ಸೇರುತ್ತಾರೆ. ಜೀಪಿನ ಮುಂದಿನ ಸೀಟು, ಬೆಲ್ಟಿನ ಸಮೇತ, ತನಗೇ ಬೇಕೆಂದು ಅಮ್ಮ ಹಟ ಹಿಡಿದಿದ್ದಾರೆ. ಎಲ್ಲ ತಿಳಿದೂ ಹತ್ತುತ್ತೇನೆ ಎನ್ನುವವರಿಗೆ ಬೇಡ ಎನ್ನಲು ನನಗೆ ಬಾಯಿಲ್ಲ. ಹಾಗಾದರೆ ಇಷ್ಟು ಖರ್ಚು ಮಾಡಿ ಜೀಪು ಒಯ್ಯುವುದು ಏಕೆಂದು ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ತಮ್ಮನಿಗೆ ಫೋನು ಮಾಡಿ, ಈ ಸಲ ಕೊಯ್ಲಿಗೆ ಒಂದು ಸಾರಿಗೆ ಆರು ಜನರಿಗಿಂತ ಹೆಚ್ಚು ಹತ್ತಿಸಬೇಡ, ಎರಡು ಮೂರು ಸಾರಿ ಓಡಿಸು ಎಂದು ಹೇಳಿದೆ.

"ಸರಿ ಅಣ್ಣಯ್ಯ," ಎಂದ. ಸ್ವಲ್ಪ ತಡೆದು, "ಡೀಸೆಲ್ಲಿನ ದುಡ್ಡು ನೀನು ಕಳಿಸ್ತೀಯಾ?" ಎಂದು ಕೇಳಿದ.