ನೀರಿಗೆ ಬಿದ್ದವನು ವೈರಿಯೇ?

ವೈರಿಯಾದವನು ಯಾವ ಗಳಿಗೆಯವರೆಗೆ ವೈರಿ? ಆಯುಧ ಕೈಜಾರಿದ ಮೇಲೂ ಅವನು ವೈರಿಯೇ? ಎರಡನೆಯ ಮಹಾಯುದ್ಧದ ಪ್ರಸಂಗವೊಂದನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

1941ರ ಮೇ 24ರಂದು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ‘ಬಿಸ್ಮಾರ್ಕ್’ ಯುದ್ಧನೌಕೆಯು ಬ್ರಿಟನ್ನಿನ ‘ಹುಡ್’ ನೌಕೆಯನ್ನು ಮುಳುಗಿಸಿತು. ಅದರಲ್ಲಿದ್ದ 1418 ಜನರಲ್ಲಿ ಬದುಕಿದವರು ಮೂವರೇ. ಬಿಸ್ಮಾರ್ಕಿಗೆ 38 ಸೆಂಟಿಮೀಟರ್ ಬಾಯಿಯ ಎಂಟು ಫಿರಂಗಿಗಳಿದ್ದವು. ಪಕ್ಕೆಗಳಿಗೆ 32 ಸೆಂಟಿಮೀಟರ್ ದಪ್ಪದ ಉಕ್ಕಿನ ಕವಚವಿತ್ತು. ಆದರೂ ಮೇ 26ರ ಸಂಜೆ, ಹಳೆಯ ಮಾದರಿಯ ಪುಟ್ಟ ವಿಮಾನವೊಂದು ಹಾಕಿದ ಟಾರ್ಪೆಡೊ ಅದರ ಚುಕ್ಕಾಣಿಯನ್ನು ಕೆಡಿಸಿತು. ಕವಚ ಕಾಯಲಾರದ ಒಂದು ಎಡೆ ಸಾಕಾಯಿತು. ಮರುದಿನ ಬೆಳಿಗ್ಗೆ ಬ್ರಿಟಿಷ್ ನೌಕೆಗಳ ಹೊಡೆತಕ್ಕೆ ಸಿಕ್ಕಿ ಅದು ಮುಳುಗಿತು.

ನೂರಾರು ಜರ್ಮನ್ ನಾವಿಕರು ಕೊರೆಯುವ ನೀರಿನಲ್ಲಿ ತೇಲುತ್ತಿದ್ದರು. ಮೂರು ದಿನಗಳ ಹಿಂದಷ್ಟೇ ತಮ್ಮವರನ್ನು ಕಳೆದುಕೊಂಡಿದ್ದ ಬ್ರಿಟಿಷರೇ ಹಗ್ಗ ಇಳಿಬಿಟ್ಟು ಅವರನ್ನು ಮೇಲೆಳೆಯತೊಡಗಿದರು. ‘ಡಾರ್ಸೆಟ್‌ಷೈರ್’, ‘ಮಾವೋರಿ’ ಎಂಬ ನೌಕೆಗಳು ನೂರಕ್ಕೆ ಮೇಲ್ಪಟ್ಟ ಜನರನ್ನು ಉಳಿಸಿದವು. ಅಷ್ಟರಲ್ಲಿ ಸಮೀಪದಲ್ಲಿ ಜಲಾಂತರ್ಗಾಮಿ ಇರಬಹುದೆಂಬ ಶಂಕೆ ಮೂಡಿತು. ನಿಂತ ಹಡಗು ಸುಲಭದ ಗುರಿ. ಡಾರ್ಸೆಟ್‌ಷೈರಿನ ಕಪ್ತಾನನು ಹೊರಡಲು ಆಜ್ಞಾಪಿಸಿದನು. ಹಗ್ಗಕ್ಕೆ ಕೈಚಾಚಿದ್ದವರು ಕಡಲಿನಲ್ಲಿಯೇ ಉಳಿದರು. 2200ಕ್ಕೂ ಹೆಚ್ಚು ಜನರಲ್ಲಿ ಕಡೆಗೆ ಬದುಕಿದವರು ಸುಮಾರು 115.

ಆತನು ಮಾಡಿದ್ದು ತಪ್ಪೇ? ತನ್ನನ್ನು ನಂಬಿದ್ದ ನೂರಾರು ನಾವಿಕರ ಪ್ರಾಣ ಆತನ ಹೊಣೆಯಾಗಿತ್ತು. ದಡದಲ್ಲಿ ಕುಳಿತ ನಾವು ತೀರ್ಪು ನೀಡುವುದು ಸುಲಭ. ಆದರೆ ಆತನನ್ನು ನಿರ್ದೋಷಿಯೆಂದು ಒಪ್ಪಿದ ಮಾತ್ರಕ್ಕೆ ಪ್ರಶ್ನೆ ಮುಗಿಯದು. ಅನಿವಾರ್ಯತೆಯು ಅಪರಾಧವನ್ನು ಕಳೆಯಬಹುದು, ಋಣವನ್ನು ಕಳೆಯಲಾರದು. ಚಾಚಿದ ಆ ಕೈಗಳ ಬೇಡಿಕೆ ನ್ಯಾಯವಾದದ್ದೇ ಆಗಿತ್ತು.

ಮುಂದಿನ ವರ್ಷ, 1942ರ ಏಪ್ರಿಲ್ 5ರಂದು, ಅದೇ ಡಾರ್ಸೆಟ್‌ಷೈರ್ ಸಿಂಹಳದ ದಕ್ಷಿಣದ ಕಡಲಿನಲ್ಲಿ ‘ಕಾರ್ನ್‌ವಾಲ್’ ನೌಕೆಯೊಡನೆ ಜಪಾನಿ ವಿಮಾನಗಳಿಗೆ ಬಲಿಯಾಯಿತು. ಬದುಕುಳಿದವರು ಒಂದು ದಿನಕ್ಕೂ ಹೆಚ್ಚು ಕಾಲ ನೀರಿನಲ್ಲಿ ನೆರವಿನ ಹಾದಿ ಕಾದರು. ತಮ್ಮವರ ಹಡಗುಗಳು ಬಂದು, ಎರಡೂ ನೌಕೆಗಳ 1100ಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡವು. ಇದನ್ನು ಕರ್ಮಫಲವೆಂದು ಸಾರುವ ಧಾರ್ಷ್ಟ್ಯ ನಮಗೆ ಬೇಡ. ಮೇಲೆ ನಿಂತವನೂ ನೀರಿಗೆ ಬೀಳಬಲ್ಲನೆಂಬ ಅರಿವು ಸಾಕು.

ನಮ್ಮ ಜಗಳ ವ್ಯಾಜ್ಯಗಳಲ್ಲಿಯೂ ಎದುರಾಳಿ ಸೋತು ನಿಲ್ಲುವ ಗಳಿಗೆಯೊಂದು ಬರುತ್ತದೆ. ಆಗ ಕೈಚಾಚಲು ಸಾಧ್ಯವಿರುವಷ್ಟು ಹೊತ್ತು ಚಾಚಬೇಕು. ಹಿಂತೆಗೆಯಲೇಬೇಕಾಗಿ ಬಂದರೆ, ನೊಂದು ಹಿಂತೆಗೆಯಬೇಕು.